ಏಳನೇ ದಿನ ಮಗುಚದ ಬೇಕನ್

ತಮ್ಮ ಆಪರೇಷನ್ನಿಗೆ ದಿನ ಗೊತ್ತಾದ ಸಂಜೆ ನಮ್ಮತ್ತೆ ಕತ್ತರಿ ಕೇಳಿದರು. ಹಳೆಯ ಭಾನುವಾರದ ಪುರವಣಿಯೊಂದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅದರೊಳಗಿಂದ ಒಂದು ಪಟ್ಟಿಯನ್ನು ನೆಟ್ಟಗೆ ಕತ್ತರಿಸಿದರು. "ಊರಲ್ಲಿ ಬೇಕನ್ ತಿನ್ನಲೇಬೇಕಾದ ಹದಿನಾಲ್ಕು ಜಾಗಗಳು" ಎಂದು ಅದಕ್ಕೆ ತಲೆಬರಹ.

"ಆಪರೇಷನ್ ಇರೋ ಗುರುವಾರದ ಒಳಗೆ ಮೂರು ಶನಿವಾರ ಬರುತ್ತೆ. ಹದಿನಾಲ್ಕೂ ನೋಡ್ಬೇಕು. ನೀನು ಕಾರು ತೆಗಿ," ಅಂದರು.

ನಾನು ಆಸ್ಪತ್ರೆಯ ಪಥ್ಯದ ವಿಭಾಗದಲ್ಲಿ ಕೆಲಸ ಮಾಡುವವಳು. ಇಪ್ಪತ್ತೆರಡು ವರ್ಷಗಳಿಂದ ಜನರ ತಟ್ಟೆಯಿಂದ ಉಪ್ಪು, ಎಣ್ಣೆ, ಸಕ್ಕರೆ ಕಿತ್ತುಕೊಳ್ಳುವುದೇ ನನ್ನ ಕಸುಬು. ವಾರ್ಡಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ರೋಗಿಗಳು ಬಿಸ್ಕತ್ತನ್ನು ದಿಂಬಿನ ಕೆಳಗೆ ತಳ್ಳುತ್ತಾರೆ. ಅಂಥವಳ ಮನೆಯಲ್ಲಿ, ಎದೆಯ ಕವಾಟ ಕೆಟ್ಟು ಕಾಲು ಊದಿಸಿಕೊಂಡ ಎಪ್ಪತ್ತು ವರ್ಷದ ಹೆಂಗಸು ಊರಿನ ಬೇಕನ್ನನ್ನೆಲ್ಲ ಸುತ್ತಿ ಬರುತ್ತೇನೆ ಅಂದರೆ ಹೇಗಾಗಬೇಡ?

"ಹೊಗೆ ಹಾಕಿದ ಹಂದಿಮಾಂಸ, ಉಪ್ಪಿನ ಮೂಟೆ ಅದು ಅತ್ತೆ. ಈ ವಯಸ್ಸಲ್ಲಿ ಇದೆಂಥ ಚಪಲ ನಿಮ್ಮದು?"

"ಚಪಲ ಅಂತಾನೇ ಇಟ್ಕೋ," ಅಂದು ಪಟ್ಟಿಯನ್ನು ಮಡಚಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟುಕೊಂಡರು.

ಅದು ಚಪಲವಲ್ಲವೆಂದು ನನಗೆ ಗೊತ್ತಾದದ್ದು ಎರಡನೇ ಶನಿವಾರ. ನೀವೂ ನನ್ನ ಹಾಗೆ ಆ ಜೀವವನ್ನು ತಪ್ಪು ತಿಳಿಯುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ನಲವತ್ತೆಂಟು ವರ್ಷಗಳ ಹಿಂದೆ ಮನೆ ಬಿಟ್ಟು ಹೋದ ತಮ್ಮನನ್ನು ಅವರು ಹುಡುಕುತ್ತಿದ್ದರು. ಈ ವಯಸ್ಸಿಗೆ, ಈ ಎದೆಗೆ, ನೂರರಲ್ಲಿ ಹತ್ತು ಜನ ಆಪರೇಷನ್ ಮೇಜಿನಿಂದ ಏಳುವುದಿಲ್ಲ ಎಂದು ಸರ್ಜನ್ ಹೇಳಿದ್ದರು. ನಮ್ಮ ಮನೆಯವರು ಆ ತೊಂಬತ್ತನ್ನು ಹಿಡಿದುಕೊಂಡರು. ಅತ್ತೆ ಆ ಹತ್ತನ್ನು ಹಿಡಿದುಕೊಂಡರು. ಗುರುವಾರದೊಳಗೆ ತಮ್ಮ ಸಿಗಬೇಕು, ಅವನಿಗೊಂದು ಮಾತು ಹೇಳಬೇಕು, ಅವರಿಗಿದ್ದದ್ದು ಅಷ್ಟೇ.

ಇದಕ್ಕೆಲ್ಲ ಕಾರಣ ನಾನೇ. ಎರಡು ತಿಂಗಳ ಹಿಂದೆ ನಮ್ಮ ಹಿರಿಯ ನರ್ಸ್ ಒಬ್ಬರ ಬೀಳ್ಕೊಡುಗೆ ಇತ್ತು. ಬೆಳಗಿನ ತಿಂಡಿಗೆ ಬೇಕನ್ ತರಿಸಿದ್ದರು. ಅತ್ತೆ ಹುಟ್ಟಿದ್ದು ಬೇಕನ್ ಮಾಡುವವರ ಮನೆಯಲ್ಲಿ, ಪಾಪ, ಒಂದು ಚೂರು ನಾಲಗೆಗೆ ಸೋಕಲಿ ಎಂದು ಎರಡು ಎಳೆಗಳನ್ನು ಬೆಳ್ಳಿಹಾಳೆಯಲ್ಲಿ ಸುತ್ತಿಕೊಂಡು ಬಂದೆ. ಅವರು ಒಂದು ಅಂಚನ್ನು ಕಚ್ಚಿದರು, ಇನ್ನೊಂದು ಅಂಚನ್ನು ಕಚ್ಚಿದರು. ಆಮೇಲೆ ಅದನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹದ ಕೆಟ್ಟಿರಬೇಕು ಅಂದುಕೊಂಡೆ ನಾನು. ಮರುದಿನ ಅವರು ನನಗೆ ಹೇಳದೆ ಕೇಟರಿಂಗಿನವನಿಗೆ ಫೋನು ಮಾಡಿ, ಅದು ಎಲ್ಲಿಯದೆಂದು ಕೇಳಿದ್ದರಂತೆ. ಅವನು ಪೇಪರಿನಲ್ಲಿ ಬಂದ ಪಟ್ಟಿ ನೋಡಿ ನಾಲ್ಕೈದು ಕಡೆಯಿಂದ ತರಿಸಿ ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದಿದ್ದ. ತಂದ ಡ್ರೈವರ್ ಕೆಲಸ ಬಿಟ್ಟಾಗಿತ್ತು. ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ಅತ್ತೆಯ ಅಪ್ಪನಿಗೆ ಮಾಂಸಕ್ಕೆ ಹೊಗೆ ಹಾಕುವ ಒಂದು ಹೊಗೆಮನೆ ಇತ್ತು. ಹಂದಿಯ ಹೊಟ್ಟೆಭಾಗವನ್ನು ಹಲಗೆಯಂತೆ ಕೊಯ್ದು, ಉಪ್ಪು, ಕಂದು ಸಕ್ಕರೆ ಉಜ್ಜಿ, ಮರದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಹತ್ತು ದಿನ ಅದು ಉಪ್ಪು ಹೀರಬೇಕು. ಉಪ್ಪು ಎರಡೂ ಕಡೆ ಸಮನಾಗಿ ಇಳಿಯಲೆಂದು ದಿನಾ ಮಗುಚಬೇಕು. ಲೋಕದಲ್ಲಿ ಎಲ್ಲರೂ ಹತ್ತು ದಿನವೂ ಮಗುಚುತ್ತಾರೆ. ಅತ್ತೆಯ ಅಪ್ಪ ಮಾತ್ರ ಆರು ದಿನ ಮಗುಚಿ ಏಳನೇ ದಿನದಿಂದ ಮುಟ್ಟದೆ ಬಿಡುತ್ತಿದ್ದರು. ಯಾಕೆ ಅಂದರೆ ಅವರ ಅಪ್ಪನೂ ಹಾಗೇ ಮಾಡುತ್ತಿದ್ದ. ಅವನು ಯಾಕೆ ಮಾಡುತ್ತಿದ್ದ ಎಂದು ಕೇಳಿದವರಿಲ್ಲ. ನನ್ನನ್ನು ಕೇಳಿದರೆ ಸೋಮಾರಿತನ. ಹೀಗಾಗಿ ಉಪ್ಪು ಒಂದೇ ಕಡೆ ಇಳಿದು ಅವರ ಬೇಕನ್ನಿನ ಒಂದು ಅಂಚು ಕಟುವಾದ ಉಪ್ಪು, ಇನ್ನೊಂದು ಅಂಚು ಸಿಹಿ. ಕಸುಬು ಬಲ್ಲವರು ನೋಡಿ ನಗುತ್ತಿದ್ದರಂತೆ. ಆ ತಪ್ಪನ್ನು ಅಷ್ಟು ಶ್ರದ್ಧೆಯಿಂದ ಮಾಡುವವರು ಭೂಮಿಯ ಮೇಲೆ ಮೂರೇ ಜನ: ಅಪ್ಪ, ಅತ್ತೆ, ಅತ್ತೆಯ ತಮ್ಮ. ಅಪ್ಪ ಸತ್ತು ಯಾವ ಕಾಲವಾಯಿತು.

ಮೊದಲ ಶನಿವಾರ ಇದೊಂದೂ ಗೊತ್ತಿಲ್ಲದೆ ನಾನು ಕರಾರು ಹಾಕಿದೆ. ಒಂದು ಜಾಗದಲ್ಲಿ ಎರಡು ಕಚ್ಚು, ಮಿಕ್ಕಿದ್ದು ನನಗೆ. "ಎರಡೇ ಸಾಕು, ಈ ಅಂಚಿಗೊಂದು, ಆ ಅಂಚಿಗೊಂದು," ಅಂದರು. ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಅವತ್ತು ಐದು ಕಡೆ ಹೋದೆವು. ಗುಡ್ಡದ ಮೇಲಿನ ಹೋಟೆಲಿನಲ್ಲಿ ಖರ್ಜೂರಕ್ಕೆ ಬೇಕನ್ ಸುತ್ತಿ, ಕಡ್ಡಿ ಚುಚ್ಚಿ, ಅಂಗೈಯಗಲದ ಕಪ್ಪು ಕಲ್ಲಿನ ಮೇಲೆ ಮೂರೇ ಮೂರು ಇಟ್ಟು ತಂದರು. ಅತ್ತೆ ಕಡ್ಡಿ ಕಿತ್ತು, ಬೇಕನ್ ಬಿಚ್ಚಿ, ಖರ್ಜೂರವನ್ನು ಪಕ್ಕಕ್ಕೆ ತಳ್ಳಿದರು. "ಹಣ್ಣಿಗೆ ಹೊದಿಕೆ ಯಾಕೆ, ಚಳಿಯಾ?" ಎಂದು ಬಡಿಸುವವನನ್ನೇ ಕೇಳಿದರು. ಮಾರುಕಟ್ಟೆಯ ಹಿಂದಿನ ಸೂಪಿನ ಅಂಗಡಿಯಲ್ಲಿ ಆಲೂಗಡ್ಡೆಯ ಗಟ್ಟಿ ಸೂಪಿನ ಮೇಲೆ ಹುರಿದ ಚೂರುಗಳನ್ನು ಉದುರಿಸಿದ್ದರು. ಅದನ್ನು ಚಮಚದಲ್ಲಿ ಆರಿಸಿ ಆರಿಸಿ ಅಂಚು ಹುಡುಕಿದರು. ಬೇಕರಿಯೊಂದರಲ್ಲಿ ಸಕ್ಕರೆ ಪಾಕದ ಡೋನಟ್ ಮೇಲೆ ಬೇಕನ್ ಪುಡಿ ಹಾಕಿದ್ದು ಕಂಡು ಅವರಿಗೆ ಮೈ ಉರಿಯಿತು.

"ಇದನ್ನ ಪುಡಿ ಮಾಡಿದವನ ಕೈಗೆ ಯಾರೂ ಬಡೀಲಿಲ್ವಾ?"

"ಅತ್ತೆ, ಮೆಲ್ಲಗೆ."

"ಅಂಚೆಲ್ಲಿ ಇದರಲ್ಲಿ? ಎಲ್ಲಿಂದ ಕಚ್ಚಲಿ ನಾನು?"

ನನಗೆ ಡೋನಟ್ ಬಹಳ ಹಿಡಿಸಿತು. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಮಿಕ್ಕಿದ್ದನ್ನೆಲ್ಲ ನಾನೇ ತಿನ್ನಬೇಕೆಂಬ ಕರಾರು ನನ್ನ ಕೊರಳಿಗೇ ಸುತ್ತಿಕೊಂಡದ್ದು ಸೋಮವಾರ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಾಗ ಗೊತ್ತಾಯಿತು. ಊರಿಗೆಲ್ಲ ಪಥ್ಯ ಹೇಳುವವಳ ಸೀರೆಯ ನೆರಿಗೆ ಎರಡು ಕಡಿಮೆಯಾಗಿದ್ದವು.

ಎರಡನೇ ಶನಿವಾರದ ಕೊನೆಯ ಜಾಗ, ಪಟ್ಟಿಯಲ್ಲಿ ಹತ್ತನೆಯದು, ಒಂದು ಸಿಹಿತಿಂಡಿಯ ಅಂಗಡಿ. ಬೇಕನ್ ಎಳೆಗಳನ್ನು ಚಾಕೊಲೇಟಿನಲ್ಲಿ ಅದ್ದಿ ಗಾಜಿನ ಲೋಟದಲ್ಲಿ ನಿಲ್ಲಿಸಿದ್ದರು. ಅತ್ತೆ ಉಗುರಿನಿಂದ ಚಾಕೊಲೇಟನ್ನು ಕೆರೆದು, ಈ ಕಡೆ ಕಚ್ಚಿದರು, ಆ ಕಡೆ ಕಚ್ಚಿದರು, ಕೆಳಗಿಟ್ಟರು. ಕಾರಿಗೆ ಬಂದು ಕೂತವರು ಬೆಲ್ಟ್ ಹಾಕಿಕೊಳ್ಳಲಿಲ್ಲ. ನೋಡುತ್ತೇನೆ, ಅಳುತ್ತಿದ್ದಾರೆ. ಮಾವನವರು ಹೋದಾಗಲೂ ಈ ಹೆಂಗಸು ನಮ್ಮೆದುರು ಅತ್ತಿರಲಿಲ್ಲ.

"ಇನ್ನು ನಾಲ್ಕೇ ಉಳಿದಿರೋದು," ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು.

ಹೊಗೆಮನೆಯಲ್ಲಿ ಬೆಂಕಿ ಉರಿಯಬಾರದು, ಮರದ ಹೊಟ್ಟು ಬರೀ ಹೊಗೆಯಾಡುತ್ತಿರಬೇಕು. ಹಾಗಾಗಿ ಸದಾ ಒಬ್ಬರು ಎದುರಿಗೆ ಕೂತಿರಬೇಕು. ಅದಕ್ಕೆ ಪಾಳಿ. ಆ ದಿನ ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆಯ ಪಾಳಿ. ಅವರಿಗಾಗ ಇಪ್ಪತ್ತೆರಡು. ತಮ್ಮನಿಗೆ ಹತ್ತೊಂಬತ್ತು, ಮನೆಯಲ್ಲಿ ಅವನನ್ನು ಮರಿ ಎಂದು ಕರೆಯುತ್ತಿದ್ದರು. ಎರಡೂವರೆಗೆ ಅತ್ತೆ ಹಿಂಬಾಗಿಲಿನಿಂದ ಹೊರಟು, ಬೀದಿಯ ತುದಿಯಲ್ಲಿ ಕಾಯುತ್ತಿದ್ದ ಗಡಿಯಾರ ರಿಪೇರಿಯವನನ್ನು ನೋಡಲು ಹೋದರು. ಆ ಗಡಿಯಾರ ರಿಪೇರಿಯವರೇ ಮುಂದೆ ನಮ್ಮ ಮಾವನವರಾದದ್ದು. ಮರಿ ಒಳಕೋಣೆಯಲ್ಲಿ ಮಲಗಿದ್ದ. ಮೂರೂವರೆ ಹೊತ್ತಿಗೆ ಹೊಟ್ಟು ಹೊತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಹೊಗೆಮನೆ ಬುಡಸಮೇತ ಹೋಯಿತು.

"ಯಾರ ಪಾಳಿ ಅಂತ ಅಪ್ಪ ಕೇಳಿದ್ರು. ಬೆಳಿಗ್ಗೆ ತಿಂಡಿ ತಿನ್ನೋವಾಗ ಪಾಳಿ ಬದಲಾಯಿಸ್ಕೊಂಡಿದ್ವಿ, ಮರಿ ಒಪ್ಕೊಂಡಿದ್ದ ಅಂದೆ. ಅವನು ಕಣ್ಣುಜ್ಜಿಕೊಂಡು ನಿಂತಿದ್ದ. 'ನಾನು ಒಪ್ಕೊಂಡಿದ್ನಾ ಅಕ್ಕ?' ಅಂದ. 'ಹೂಂ ಅಂದ್ಯಲ್ಲೋ' ಅಂದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತಲ್ಲ, ಹಂಗೆ ಒರೆಸ್ಬಿಟ್ಟೆ ಕಣೇ."

ಕಣ್ಣೆದುರು ನಿಲ್ಲಬೇಡ ಎಂದು ಅಪ್ಪ ಅವನಿಗೆ ಹೇಳಿದರಂತೆ. ಮರುದಿನ ಬೆಳಿಗ್ಗೆ ಅವನು ಹೋಗಿಯಾಗಿತ್ತು.

"ಅವನು ಆಮೇಲೆ ಏನೂ ಅನ್ಲಿಲ್ವಾ?"

"ನನ್ನ ಮುಖಾನೇ ನೋಡ್ದ. ಸುಳ್ಳಿ ಅಂತ ಅವನಿಗೆ ಗೊತ್ತು. ನಲವತ್ತೆಂಟು ವರ್ಷದಿಂದ ಎಲ್ಲೋ ಕೂತು ನನ್ನ ಶಪಿಸ್ತಾ ಇರ್ತಾನೆ. ಹುಡುಕಿದ್ರೆ ಎಲ್ಲಿ ಸಿಕ್ಕಿಬಿಡ್ತಾನೋ ಅಂತ ನಾನು ಹುಡುಕ್ಲೇ ಇಲ್ಲ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾಲು ಉಕ್ಕಿಸಿದ್ದಕ್ಕೆ, "ಒಲೆ ಮುಂದೆ ನಿಂತವಳಿಗೆ ಗಮನ ಇರ್ಬೇಕು" ಎಂದು ಮೂರು ದಿನ ಹೇಳಿದ ಬಾಯಿ ಇದು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಅಂದೇಬಿಡುತ್ತಿದ್ದೆ. ಆದರೆ ಅವರು ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಕೆಳಗೆ ಚಾಚಿದ್ದರು. ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಕೂತಿತ್ತು. ಆ ಕಾಲಿನಲ್ಲಿ ಅವರು ಹತ್ತು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದಿದ್ದರು. ನಾನು ಬಾಯಿ ಮುಚ್ಚಿಕೊಂಡು ಗಾಡಿ ಹೊರಡಿಸಿದೆ.

ಮೂರನೇ ಶನಿವಾರ ಹನ್ನೊಂದನೆಯದರಲ್ಲಿ ಸಿಗಲಿಲ್ಲ. ಹನ್ನೆರಡನೆಯದು ಕೋರ್ಟಿನ ಎದುರಿನ ಸ್ಯಾಂಡ್‌ವಿಚ್ ಅಂಗಡಿ. ನಾಲ್ಕು ಕುರ್ಚಿ, ಗೋಡೆಗೊಂದು ಕನ್ನಡಿ, ವಕೀಲರ ಗದ್ದಲ. ಸುಟ್ಟ ಬ್ರೆಡ್ಡಿನ ನಡುವೆ ಟೊಮೆಟೊ, ಮೊಟ್ಟೆ, ಮೂರು ಎಳೆ ಬೇಕನ್. ಅತ್ತೆ ಬ್ರೆಡ್ಡು ಎತ್ತಿ ಒಂದು ಎಳೆಯನ್ನು ಎಳೆದು ತೆಗೆದರು. ಈ ಅಂಚು. ಆ ಅಂಚು. ಆಮೇಲೆ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಅಲ್ಲಿ ಮರುದಿನವೂ ನೋವಿತ್ತು.

ಮಾಲೀಕನ ಬಳಿ ಹೋಗಿ ಈ ಬೇಕನ್ ಯಾರು ಕೊಡುತ್ತಾರೆ ಎಂದು ಕೇಳಿದೆ. "ಅದೆಲ್ಲ ಹೇಳಕ್ಕಾಗಲ್ಲ ಮೇಡಂ, ನಮ್ಮ ಅಂಗಡಿ ಗುಟ್ಟು," ಎಂದು ಹಲ್ಲು ಬಿಟ್ಟ. ನನಗೆ ರೇಗಿತು. ರೇಗಿದಾಗ ನಾನು ವಾರ್ಡಿನ ದನಿಗೆ ಇಳಿಯುತ್ತೇನೆ. ಕೊರಳಲ್ಲಿದ್ದ ಆಸ್ಪತ್ರೆಯ ಕಾರ್ಡನ್ನು ಅವನ ಮೂಗಿನೆದುರು ಎತ್ತಿ ಹಿಡಿದು, "ನಾನು ಆಸ್ಪತ್ರೆಯಿಂದ ಬಂದಿದ್ದೀನಿ. ಹೃದಯದ ಪೇಷೆಂಟ್ ಒಬ್ಬರು ಇದನ್ನ ತಿಂದಿದ್ದಾರೆ. ವಿಳಾಸ ಕೊಡಿ," ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಒಂದು ಕೈಯಲ್ಲಿ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ವಿಳಾಸ ಬರೆದುಕೊಟ್ಟ.

ಐಸ್ ಫ್ಯಾಕ್ಟರಿಯ ಹಿಂದೆ ತಗಡಿನ ಶೆಡ್ಡುಗಳ ಸಾಲು. ಕೊನೆಯದಕ್ಕೆ ಒಂದು ಕಿಟಕಿ, ಕಿಟಕಿಯಲ್ಲಿ ಅರವತ್ತರ ಹತ್ತಿರದ ಹೆಂಗಸು, ಅವಳ ಮುಂದೆ ಬನ್ನುಗಳ ಬುಟ್ಟಿ. ಶೆಡ್ಡಿನ ಹಿಂದಿನ ಕೊಳವೆಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಅತ್ತೆ ಅದನ್ನು ನೋಡುತ್ತಾ ನಿಂತರು, ಮುಂದೆ ಕಾಲಿಡಲಿಲ್ಲ. ನಾನು ತೋಳು ಹಿಡಿದು ಕಿಟಕಿಯ ತನಕ ಕರೆದುಕೊಂಡು ಹೋದೆ.

"ಏಳನೇ ದಿನ ಯಾಕಮ್ಮ ಮಗುಚಲ್ಲ ನೀವು?" ಎಂದು ಅತ್ತೆ ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿದ್ದು ನಾನು ಕೇಳಿರಲಿಲ್ಲ.

"ಅಯ್ಯೋ, ಅದನ್ನ ನಮ್ಮನೆಯವ್ರನ್ನ ಕೇಳಿ. ನಾನು ಕೇಳಿ ಕೇಳಿ ಸುಸ್ತಾಗಿದ್ದೀನಿ," ಅಂದವಳು ಒಳಕ್ಕೆ ತಿರುಗಿ, "ರೀ, ಯಾರೋ ಬಂದಿದ್ದಾರೆ, ಬನ್ನಿ ಇಲ್ಲಿ," ಎಂದು ಕೂಗಿದಳು.

"ಬೆಂಕಿ ಬಿಟ್ಟು ಬರಕ್ಕಾಗಲ್ಲ, ಅವರನ್ನೇ ಒಳಗೆ ಕಳಿಸು," ಎಂದು ಒಳಗಿನಿಂದ ದನಿ ಬಂತು.

"ಕೇಳಿದ್ರಾ? ನಮ್ಮ ಮದುವೆ ಆದಾಗಿಂದ ಇದೇ ಮಾತು," ಎಂದು ಆಕೆ ನಮಗೆ ಬಾಗಿಲು ತೆಗೆದಳು.

ಒಳಗೆ ಕಬ್ಬಿಣದ ಒಂದು ದೊಡ್ಡ ಪೆಟ್ಟಿಗೆ, ಅದರ ಬಾಗಿಲಿನಲ್ಲಿ ಮೂರು ಶಾಖಮಾಪಕಗಳು. ಗೋಡೆಗುಂಟ ನೀರು ತುಂಬಿದ ಬಕೆಟ್ಟುಗಳು, ಮರಳು ತುಂಬಿದ ಬಕೆಟ್ಟುಗಳು. ಎದುರಿಗೆ ಒಂದು ಮಂಚ, ಅದರ ಪಕ್ಕ ಎರಡು ಅಲಾರಂ ಗಡಿಯಾರ. ಗೋಡೆಯಲ್ಲಿ ಒಂದು ಕಪ್ಪು ಹಲಗೆ, ಅದರ ತುಂಬ ಸೀಮೆಸುಣ್ಣದ ಗೀಟುಗಳು. ಅರ್ಧ ಗಂಟೆಗೊಂದು ಸಲ ಬೆಂಕಿ ನೋಡಿ ಒಂದು ಗೀಟು ಎಳೆಯುವುದು ಅವರ ಪದ್ಧತಿಯಂತೆ. ನೋಡಿದೆನೋ ಇಲ್ಲವೋ ಎಂದು ತನ್ನ ನೆನಪನ್ನು ಕೇಳುವ ಹಾಗಿಲ್ಲ, ಹಲಗೆಯನ್ನು ಕೇಳಬೇಕು. ಸ್ಟೂಲಿನ ಮೇಲೆ ಕೂತಿದ್ದ ದಪ್ಪ ದೇಹದ, ಪೂರ್ತಿ ನರೆತ ಮನುಷ್ಯ ಎದ್ದು ನಿಂತರು. ಮೂಗು ಥೇಟ್ ನಮ್ಮ ಮನೆಯವರದೇ. ಅವರ ಸೋದರಮಾವನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಅತ್ತೆಯನ್ನು ನೋಡಿದರು. ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿದರು.

"ಅಕ್ಕ," ಅಂದರು. ಮೂರು ವಾರದಿಂದ ಸ್ನಾನದ ಮನೆಯಲ್ಲಿ ಅತ್ತೆ ಮಾತುಗಳನ್ನು ಜೋಡಿಸಿ ಹೇಳಿಕೊಳ್ಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅದರಲ್ಲಿ ಒಂದೂ ಹೊರಡಲಿಲ್ಲ. ಮಾತಾಡಿದ್ದು ತಮ್ಮನೇ.

"ಕ್ಷಮಿಸಿಬಿಡು ಅಕ್ಕ," ಅಂದರು. "ಅಪ್ಪನ ಹೊಗೆಮನೆ ಸುಟ್ಟುಹಾಕ್ದೆ. ಬಂದು ಕಾಲಿಗೆ ಬೀಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಮುಖ ಇರ್ಲಿಲ್ಲ. ಅಪ್ಪ ಹೋದ್ರು ಅಂತ ಯಾರೋ ಹೇಳಿದ್ರು. ಆಮೇಲಂತೂ ಬರೋಕೆ ಆಗ್ಲೇ ಇಲ್ಲ."

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಬಂದಿದ್ದ ಅತ್ತೆ ಕ್ಷಮೆ ಕೇಳಿಸಿಕೊಂಡು ಕುಸಿದು ಮಂಚದ ಮೇಲೆ ಕೂತರು. ನಾನು ನಾಡಿ ಹಿಡಿಯಲು ಹೋದರೆ ಕೈ ಕೊಡವಿದರು.

"ಮರಿ. ಪಾಳಿ ನಂದು."

"ಏನು?"

"ಆವತ್ತು ಪಾಳಿ ನಂದು. ನಾನು ಬಿಟ್ಟು ಹೊರಗೆ ಹೋಗಿದ್ದೆ."

"ಬದಲಾಯಿಸ್ಕೊಂಡಿದ್ವಲ್ಲ ಅಕ್ಕ. ತಿಂಡಿ ತಿನ್ನೋವಾಗ ಕೇಳ್ದೆ ನೀನು. ನಾನು ಹೂಂ ಅಂದೆ. ಆಮೇಲೆ ಮರೆತು ಮಲಗ್ಬಿಟ್ಟೆ."

"ನೀನು ಹೂಂ ಅನ್ಲಿಲ್ಲ. ನಾನು ಕೇಳೇ ಇರ್ಲಿಲ್ಲ."

ಹೆಂಡತಿ ಬನ್ನಿನ ಬುಟ್ಟಿಯನ್ನು ಹಿಡಿದುಕೊಂಡೇ ಒಳಬಾಗಿಲಿಗೆ ಬಂದು ನಿಂತಿದ್ದಳು. ಸೋದರಮಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಹಂಗಾದ್ರೆ ನಾನು ಮರೀಲಿಲ್ವಾ?"

"ಇಲ್ಲ ಕಣೋ."

ಅಲಾರಂ ಬಡಿಯಿತು. ಅವರು ಕದಲಲಿಲ್ಲ. ಅದು ಬಡಿದು ಬಡಿದು ತಾನೇ ನಿಂತಿತು. ಹೆಂಡತಿ ಬುಟ್ಟಿ ಕೆಳಗಿಟ್ಟು ಹೋಗಿ ಕಬ್ಬಿಣದ ಬಾಗಿಲು ತೆಗೆದು ಬೆಂಕಿ ನೋಡಿದಳು, ಬಂದು ಹಲಗೆಯ ಮೇಲೆ ಒಂದು ಗೀಟು ಎಳೆದಳು. ಆಮೇಲೆ ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದೇ ಅತ್ತೆಯ ಕಡೆ ತಿರುಗಿದಳು.

"ನಿಮಗೆ ಗೊತ್ತೇನಮ್ಮ ಈ ಮನುಷ್ಯ ಹೆಂಗೆ ಬದುಕಿದ್ದಾರೆ ಅಂತ? ಮಗಳ ಮದುವೆಗೆ ಅರ್ಧ ಗಂಟೆ ಬಂದು ವಾಪಸ್ ಓಡಿಬಂದ್ರು, ಬೆಂಕಿ ಅಂತ. ನಾನು ಬಿದ್ದು ಸೊಂಟ ಮುರ್ಕೊಂಡಾಗ ಐಸ್ ಫ್ಯಾಕ್ಟರಿಯವ್ರು ಆಸ್ಪತ್ರೆಗೆ ಸೇರಿಸಿದ್ರು. ನಾನು ನೋಡ್ಕೋತೀನಿ, ನೀವು ಒಂದು ದಿನ ಹೊರಗೆ ಹೋಗಿಬನ್ನಿ ಅಂದ್ರೆ, ತಪ್ಪಾದ್ರೆ ನನ್ನ ಮೇಲೆ ಬರ್ಲಿ, ನಿನ್ನ ಮೇಲೆ ಬೇಡ ಅಂತಾರೆ. ನಾನು ಮರೆಯೋ ಜಾತಿ ಕಣೇ, ನನ್ನ ನಂಬ್ಬೇಡ ಅಂತಾರೆ. ಮೊಮ್ಮಗೂನ ಎತ್ಕೊಳ್ಳಲ್ಲ, ಎಲ್ಲಾದ್ರೂ ಇಟ್ಟು ಮರೆತ್ರೆ ಅಂತ! ಮೂವತ್ತೈದು ವರ್ಷ ಸಂಸಾರ ಮಾಡಿದ್ದೀನಿ, ಒಂದು ಸಲ ಒಂದು ಸೂಜಿ ಮರೆತಿಲ್ಲ ಇವ್ರು."

ಅತ್ತೆ ತಲೆ ಎತ್ತಲಿಲ್ಲ. ನನಗೆ ಆ ಹೆಂಗಸಿನ ಕಾಲು ಹಿಡಿಯಬೇಕೆನಿಸಿತು, ನಮ್ಮತ್ತೆಯನ್ನು ಅಲ್ಲಿಂದ ಎತ್ತಿಕೊಂಡು ಓಡಬೇಕೆಂದೂ ಅನಿಸಿತು. ಎರಡೂ ಮಾಡದೆ ನಿಂತೆ.

"ಇನ್ನೊಂದು ಸಲ ಹೇಳು ಅಕ್ಕ," ಅಂದರು ಸೋದರಮಾವ.

ಅತ್ತೆ ಇನ್ನೊಂದು ಸಲ ಹೇಳಿದರು. ಗಡಿಯಾರ ರಿಪೇರಿಯವನು, ಹಿಂಬಾಗಿಲು, ಎರಡೂವರೆ ಗಂಟೆ, ಒಂದನ್ನೂ ಬಿಡಲಿಲ್ಲ. ಕೇಳಿ ಮುಗಿದ ಮೇಲೆ ಅವರು ಸಲಿಕೆ ಎತ್ತಿಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತರು.

"ಹೋಗು ಅಕ್ಕ," ಅಂದರು ಕೊನೆಗೆ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. "ಇವತ್ತು ಹೋಗು. ನಂಗೆ ತಲೆ ಓಡ್ತಾ ಇಲ್ಲ."

ಕಾರಿನ ತನಕ ಹೆಂಡತಿ ಹಿಂದೆ ಬಂದಳು. ಅತ್ತೆಯ ಕಾಲುಗಳನ್ನು ನೋಡಿ, ಏನಾಗಿದೆ ಇವರಿಗೆ ಎಂದು ನನ್ನನ್ನು ಕೇಳಿದಳು. ಹೇಳಿದೆ. ಯಾವ ಆಸ್ಪತ್ರೆ, ಯಾವತ್ತು ಎಂದೂ ಕೇಳಿಕೊಂಡಳು. ಬರುತ್ತೇವೆ ಅನ್ನಲಿಲ್ಲ.

ನಡುವಿನ ನಾಲ್ಕು ದಿನ ಅತ್ತೆ ಫೋನು ಬಡಿದಾಗಲೆಲ್ಲ ತಲೆ ಎತ್ತುತ್ತಿದ್ದರು. ನಾನು ಮಾಡಿಕೊಟ್ಟ ಸಪ್ಪೆ ಗಂಜಿಯನ್ನು ಒಂದು ಮಾತಾಡದೆ ಕುಡಿದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಗುರುವಾರ ಬೆಳಿಗ್ಗೆ ಎಂಟಕ್ಕೆ ಅವರನ್ನು ಒಳಗೆ ಕರೆದುಕೊಂಡು ಹೋಗುವಾಗ, "ಹೇಳಿದ್ದಂತೂ ಆಯ್ತಲ್ಲ," ಅಂದರು. ಆದರೆ ಗಾಲಿಮಂಚ ತಿರುವು ದಾಟುವವರೆಗೂ ಅವರ ಕಣ್ಣು ನಮ್ಮ ಹಿಂದಿನ ಲಿಫ್ಟಿನ ಬಾಗಿಲ ಮೇಲೆಯೇ ಇತ್ತು.

ಒಂಬತ್ತೂವರೆಗೆ ಲಿಫ್ಟಿನಿಂದ ಸೋದರಮಾವ ಇಳಿದರು. ಇಸ್ತ್ರಿ ಮಾಡಿದ ಅಂಗಿ, ಅದರಿಂದಲೂ ಹೊಗೆಯ ವಾಸನೆ.

"ಕರ್ಕೊಂಡು ಹೋದ್ರಾ? ತಡ ಆಯ್ತಾ?"

"ಎಂಟಕ್ಕೇ ಹೋದ್ರು ಮಾವ."

"ಗುರುವಾರ ಹೊಗೆ ಹಾಕೋ ದಿನ. ಮನೆಯವಳಿಗೆ ಎಲ್ಲ ಹೇಳ್ಕೊಟ್ಟು ಬರೋಷ್ಟರಲ್ಲಿ..." ಎಂದು ನಿಲ್ಲಿಸಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಮ್ಮ ಮನೆಯವರು ಎದ್ದು ಬಂದು, ಹುಟ್ಟಿದಾಗಿನಿಂದ ನೋಡಿರದ ಆ ಮಾವನ ಎದುರು ಏನು ಹೇಳುವುದೆಂದು ತೋಚದೆ, ಚಹಾ ತರುತ್ತೇನೆಂದು ಹೋದರು.

ಅವರು ಅತ್ತ ಹೋದ ಮೇಲೆ ಸೋದರಮಾವ ಮೆಲ್ಲಗೆ ಕೇಳಿದರು, "ಆವತ್ತು ಅವಳು ಹೇಳಿದ್ದು ನೀನೂ ಕೇಳಿಸ್ಕೊಂಡೆ ಅಲ್ವಾಮ್ಮ?"

"ಕೇಳಿಸ್ಕೊಂಡೆ."

"ಏನಂದ್ಲು ಹೇಳು."

ಹೇಳಿದೆ. ಅವರು ನೆಲ ನೋಡುತ್ತಾ ಕೇಳಿದರು. ಚಹಾ ಬಂತು, ಆರಿತು. ಹನ್ನೊಂದಕ್ಕೆ ಮತ್ತೆ ಕೇಳಿದರು, ಮತ್ತೆ ಹೇಳಿದೆ. ಒಳಗೆ ಆ ನೂರರಲ್ಲಿ ಹತ್ತು ಏನಾದರೂ ನಿಜವಾದರೆ, ಈ ಮನುಷ್ಯ ಮರೆಗುಳಿಯಲ್ಲವೆಂದು ತಿಳಿದವರಲ್ಲಿ ಅವನ ಮನೆಯ ಹೊರಗೆ ಉಳಿಯುವವಳು ನಾನೊಬ್ಬಳೇ ಎಂದು ನನಗೆ ಆಗ ಅರ್ಥವಾಯಿತು. ಅವರಿಗದು ಮೊದಲೇ ಅರ್ಥವಾಗಿತ್ತು. ಮೂರನೇ ಸಲ ಹೇಳುವಾಗ ಕೈ ಎತ್ತಿ ನನ್ನನ್ನು ತಡೆದರು.

"ಒಂದು ಬಿಟ್ಟೆ. 'ನೀನು ಹೂಂ ಅನ್ಲಿಲ್ಲ' ಅಂದಮೇಲೆ 'ನಾನು ಕೇಳೇ ಇರ್ಲಿಲ್ಲ' ಅಂದ್ಲು. ಅದನ್ನ ಬಿಡಬೇಡ."

"ಇಲ್ಲ ಮಾವ, ಬಿಡಲ್ಲ," ಅಂದೆ. ಮೊದಲಿನಿಂದ ಹೇಳಿದೆ.

ಒಂದೂವರೆಗೆ ಸರ್ಜನ್ ಹೊರಗೆ ಬಂದು ಮುಖದ ಬಟ್ಟೆ ಇಳಿಸಿದರು. ಕವಾಟ ಚೆನ್ನಾಗಿ ಕೂತಿದೆ, ಹೃದಯ ತಾನಾಗಿಯೇ ಬಡಿಯುತ್ತಿದೆ ಅಂದರು. ನಮ್ಮ ಮನೆಯವರು ಗೋಡೆಗೆ ಹಣೆ ಹಚ್ಚಿ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಸೋದರಮಾವ ಮಾತ್ರ ಒಂದೇ ಪ್ರಶ್ನೆ ಕೇಳಿದರು.

"ಮಾತಾಡೋಕೆ ಆಗುತ್ತಾ ಅವಳಿಗೆ?"

"ಗಂಟಲಲ್ಲಿ ಕೊಳವೆ ಇದೆ. ನಾಳೆ ತೆಗೀತೀವಿ. ನಾಳೆ ಮಾತಾಡ್ತಾರೆ."

ಅವರು ಕಿಟಕಿಯ ಹತ್ತಿರ ಹೋಗಿ ಹೆಂಡತಿಗೆ ಫೋನು ಮಾಡಿದರು. ಬೆಂಕಿ ಹೇಗಿದೆ ಎಂದು ಕೇಳುತ್ತಾರೆ ಅಂದುಕೊಂಡೆ, ಕೇಳಲಿಲ್ಲ.

"ನಾಳೇನೂ ನೀನೇ ನೋಡ್ಕೋ," ಅಂದರು.